ಅರಬ್ ಮಖಾಂ, ಥ್ರ್ಯಾಶ್ ಮೆಟಲ್ ಮತ್ತು ಗಡಿಯೂರಿನ ಕಿವಿ: ಯುವಕರು ತಿಳಿದಿರಬೇಕಾದ ವಿಷಯಗಳು

ಮೆಟಲ್ ಸಂಗೀತ ಅಂದ ಕೂಡಲೇ ನಮ್ಮ ಸಮುದಾಯದಲ್ಲಿ ಎರಡು ಮಾತು ಕೇಳಿ ಬರುತ್ತೆ. ಹಿರಿಯರು "ಅದು ಶೈತಾನ್‌ನ ಗಲಾಟೆ" ಅಂತಾರೆ. ಹುಡುಗರು "ನಿಮಗೆ ಅರ್ಥ ಆಗಲ್ಲ ಬಿಡಿ" ಅಂತ ಇಯರ್‌ಫೋನ್ ಹಾಕ್ಕೊಳ್ತಾರೆ. ಮಾತು ಅಲ್ಲಿಗೇ ನಿಂತು ಹೋಗುತ್ತೆ. ಆದರೆ ಬಗ್ದಾದ್, ಟ್ಯುನೀಶಿಯಾ, ಬೈರೂತ್, ಇಂಡೋನೇಷ್ಯಾ ಇಲ್ಲೆಲ್ಲ ಮುಸ್ಲಿಂ ಮನೆಗಳ ಮಕ್ಕಳು ಇದೇ ಸಂಗೀತವನ್ನು ನುಡಿಸಿದ್ದಾರೆ, ಅದರಲ್ಲಿ ತಮ್ಮ ಊರಿನ ಸ್ವರ ಸೇರಿಸಿದ್ದಾರೆ, ಕೆಲವರು ಅದಕ್ಕಾಗಿ ಜೈಲಿಗೂ ಹೋಗಿದ್ದಾರೆ. ಹಾಗಾಗಿ ಬೈಯುವವರಿಗೂ ಹೊಗಳುವವರಿಗೂ ವಿಷಯ ಏನು ಅಂತ ಗೊತ್ತಿರಬೇಕು.

ಈ ಲೇಖನದಲ್ಲಿ ಥ್ರ್ಯಾಶ್ ಮೆಟಲ್ ಅಂದ್ರೆ ಏನು, ಅರಬ್ ಮಖಾಂ ಅಂದ್ರೆ ಏನು, ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ, ಯಾರು ಯಾರು ಈ ಕೆಲಸ ಮಾಡಿದ್ದಾರೆ ಅನ್ನುವುದನ್ನು ಒಂದೊಂದಾಗಿ ನೋಡೋಣ. ಉದಾಹರಣೆಗೆ ಆಂಧ್ರದ ಗಡಿಯ ಎರಡು ಊರುಗಳನ್ನು ತೆಗೆದುಕೊಂಡಿದ್ದೇನೆ, ರಾಯದುರ್ಗ ಮತ್ತು ಮಡಕಶಿರಾ. ಜೀನ್ಸ್ ಮಾಲಿಗೆ ಅಂತ ರಾಯದುರ್ಗದ ಕಡೆ ಹೋಗಿ ಬರುವ ನಮ್ಮಂಥ ವ್ಯಾಪಾರಿಗಳಿಗೆ ಗೊತ್ತು, ಅಲ್ಲಿ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ನಡೆಯುತ್ತೆ. ಸಂಗೀತದ ವಿಷಯದಲ್ಲೂ ಆ ಸೀಮೆ ಹಾಗೇ ಇದೆ. ಅರಬ್ ಸ್ವರ ಅಂತ ನಾವು ದೂರದಿಂದ ಬೆರಗಾಗಿ ಕೇಳುವುದರ ಬಹುಪಾಲು ಅಲ್ಲಿನ ಓಲಗದಲ್ಲಿ, ಪಾಠದಲ್ಲಿ ಮೊದಲಿಂದಲೂ ಇದೆ.

ಥ್ರ್ಯಾಶ್ ಮೆಟಲ್ ಅಂದ್ರೆ ಏನು?

ಬ್ರಿಟನ್ನಿನ ಹೆವಿ ಮೆಟಲ್ ಮತ್ತು ಅಮೆರಿಕದ ಹಾರ್ಡ್‌ಕೋರ್ ಪಂಕ್ ಎರಡನ್ನೂ ಕೇಳಿ ಬೆಳೆದ ಹುಡುಗರು 1980ರ ದಶಕದ ಆರಂಭದಲ್ಲಿ ಕಟ್ಟಿದ ಶೈಲಿ ಇದು. 1983ರಲ್ಲಿ ಮೆಟಾಲಿಕಾದ 'ಕಿಲ್ ಎಮ್ ಆಲ್' ಮತ್ತು ಸ್ಲೇಯರ್‌ನ 'ಶೋ ನೋ ಮರ್ಸಿ' ಬಂದವು. 1984ರಲ್ಲಿ ಆಂಥ್ರಾಕ್ಸ್, 1985ರಲ್ಲಿ ಮೆಗಾಡೆತ್ ತಂಡದ ಮೊದಲ ಆಲ್ಬಮ್ ಬಂತು. ಈ ನಾಲ್ಕನ್ನು ಥ್ರ್ಯಾಶ್‌ನ ದೊಡ್ಡ ನಾಲ್ಕು ತಂಡ ಅಂತ ಕರೆಯುತ್ತಾರೆ.

ಗುರುತು ಹಿಡಿಯುವುದು ಸುಲಭ. ವೇಗ ಹೆಚ್ಚು, ನಿಮಿಷಕ್ಕೆ 180ರಿಂದ 220 ಬಡಿತ ಸಾಮಾನ್ಯ. ಗಿಟಾರ್ ನುಡಿಸುವವನು ಬಲಗೈಯ ಅಂಚನ್ನು ತಂತಿಗೆ ತಾಗಿಸಿಕೊಂಡೇ ಮೀಟುತ್ತಾನೆ. ಆಗ ದಪ್ಪ ತಂತಿ ಗುಂಯ್ ಅನ್ನದೆ ಜಗ್ ಜಗ್ ಜಗ್ ಅಂತ ಮೊಟಕಾಗಿ ಕೇಳುತ್ತೆ. ಕಾಲಲ್ಲಿ ಎರಡು ಪೆಡಲ್ ಇಟ್ಟುಕೊಂಡು ಡ್ರಮ್ಮರ್ ಗುಡುಗಿಸುತ್ತಾನೆ. ಹಾಡಿನ ವಿಷಯ ಹೆಚ್ಚಾಗಿ ಯುದ್ಧ, ಅಣುಬಾಂಬಿನ ಭಯ, ಸರ್ಕಾರದ ಮೋಸ, ಮಾದಕ ದ್ರವ್ಯದ ದಾಸ್ಯ. ಪ್ರೇಮಗೀತೆ ಇಲ್ಲಿ ಅಪರೂಪ.

ಒಂದು ತಾಂತ್ರಿಕ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮೆಟಲ್ ಗಿಟಾರಿನ ಶಬ್ದವನ್ನು ಬೇಕಂತಲೇ ಒಡೆದಿರುತ್ತಾರೆ, ಇದಕ್ಕೆ ಡಿಸ್ಟಾರ್ಷನ್ ಅನ್ನುತ್ತಾರೆ. ಒಡೆದ ಶಬ್ದದಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಸಿದರೆ ಕಲಸುಮೇಲೋಗರ ಆಗುತ್ತೆ. ಆದ್ದರಿಂದ ಮೆಟಲ್‌ನವರು ಹೆಚ್ಚಾಗಿ ಷಡ್ಜ ಮತ್ತು ಪಂಚಮ ಎರಡನ್ನೇ ಒಟ್ಟಿಗೆ ಹಿಡಿಯುತ್ತಾರೆ, ಇಲ್ಲವಾದರೆ ಒಂದೊಂದೇ ಸ್ವರವಾಗಿ ಓಡುತ್ತಾರೆ. ಇದನ್ನು ಪವರ್ ಕಾರ್ಡ್ ಮತ್ತು ರಿಫ್ ಅಂತ ಕರೆಯುತ್ತಾರೆ.

ಮಖಾಂ ಅಂದ್ರೆ ಏನು?

ನಮ್ಮ ಕರಾವಳಿಯಲ್ಲಿ ಮಖಾಂ ಅಂದ್ರೆ ದರ್ಗಾ. ಅರಬಿಯಲ್ಲಿ ಪದದ ಮೂಲ ಅರ್ಥ ನಿಲ್ಲುವ ಜಾಗ, ಸ್ಥಾನ. ಸಂಗೀತದಲ್ಲೂ ಇದೇ ಪದ ಬಳಕೆಯಲ್ಲಿದೆ. ಸ್ವರಗಳು ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಹೋಗಬೇಕು ಅನ್ನುವ ವ್ಯವಸ್ಥೆಯೇ ಮಖಾಂ. ನಮ್ಮ ರಾಗಕ್ಕೆ ಬಹಳ ಹತ್ತಿರ. ಬರೀ ಸ್ವರಗಳ ಪಟ್ಟಿ ಕೊಟ್ಟರೆ ರಾಗ ಆಗುವುದಿಲ್ಲ, ಹಾಗೆಯೇ ಮಖಾಂ ಕೂಡ ಆಗುವುದಿಲ್ಲ. ಅದರ ನಡೆಗೆ ಅರಬಿಯಲ್ಲಿ ಸೈರ್ ಅನ್ನುತ್ತಾರೆ. ಮೂರು, ನಾಲ್ಕು ಅಥವಾ ಐದು ಸ್ವರಗಳ ಸಣ್ಣ ತುಂಡಿಗೆ ಜಿನ್ಸ್ ಅನ್ನುತ್ತಾರೆ. ಒಂದು ಜಿನ್ಸ್‌ನಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಮನೆಗೆ ಮರಳಿ ಬರುವುದರಲ್ಲೇ ಹಾಡುಗಾರನ ಜಾಣ್ಮೆ.

ಇದು ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಕ್ರಿ.ಶ. 950ರಲ್ಲಿ ತೀರಿಕೊಂಡ ತತ್ವಜ್ಞಾನಿ ಅಲ್ ಫಾರಾಬಿ 'ಕಿತಾಬುಲ್ ಮೂಸೀಖಾ ಅಲ್ ಕಬೀರ್' ಅನ್ನುವ ದೊಡ್ಡ ಗ್ರಂಥ ಬರೆದಿದ್ದರು. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ಮಹಾ ಸಮ್ಮೇಳನ ನಡೆದು, ಮಖಾಂಗಳು, ತಾಳಗಳು, ಸ್ವರಗಳ ಅಳತೆ ಬಗ್ಗೆ ವಿದ್ವಾಂಸರು ಚರ್ಚಿಸಿದರು.

ಕರ್ನಾಟಕ ಸಂಗೀತ ಸ್ವಲ್ಪ ಗೊತ್ತಿರುವವರಿಗೆ ಕೆಲವು ಮಖಾಂಗಳನ್ನು ಹೀಗೆ ಹೇಳಬಹುದು. ಇಲ್ಲಿ ಹೋಲಿಕೆ ಸ್ವರಗಳದ್ದು ಮಾತ್ರ, ಗಮಕ ಮತ್ತು ನಡೆ ಬೇರೆ ಬೇರೆ.

• ಹಿಜಾಝ್: ವಕುಳಾಭರಣದ ಸ್ವರಗಳು (14ನೇ ಮೇಳ).
• ಹಿಜಾಝ್ ಕಾರ್: ಮಾಯಾಮಾಳವಗೌಳದ ಸ್ವರಗಳು (15ನೇ ಮೇಳ).
• ಕುರ್ದ್: ಹನುಮತೋಡಿಯ ಸ್ವರಗಳು (8ನೇ ಮೇಳ).
• ನಿಕ್ರೀಝ್: ಹೇಮವತಿಯ ಸ್ವರಗಳು (58ನೇ ಮೇಳ). ಇದೇ ಹೆಸರಿನ ಊರು ಮಡಕಶಿರಾ ಸೀಮೆಯಲ್ಲಿದೆ, ಹಿಂದೆ ಹೆಂಜೇರು ಅಂತ ನೊಳಂಬರ ರಾಜಧಾನಿಯಾಗಿತ್ತು. ಊರಿಗೂ ರಾಗಕ್ಕೂ ಸಂಬಂಧ ಹುಡುಕಬೇಡಿ, ಹೆಸರು ನೆನಪಿಡಲು ಸುಲಭ ಅಷ್ಟೇ.
• ಬಯಾತಿ ಮತ್ತು ರಾಸ್ತ್: ಇವುಗಳಲ್ಲಿ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಬೀಳುವ ಕಾಲು ಸ್ವರಗಳಿವೆ. ಹಾಗಾಗಿ ಮೇಳದ ಹೆಸರು ಕೊಟ್ಟು ಹೇಳಲು ಬರುವುದಿಲ್ಲ.

ಹಿಜಾಝ್ ಧಾಟಿ ನಮ್ಮ ಕಿವಿಗೆ ಅತ್ಯಂತ ಪರಿಚಿತ. ಮಕ್ಕಾದ ಹರಂನಿಂದ ಕೇಳಿ ಬರುವ ಬಾಂಗ್ ಆ ಧಾಟಿಗೆ ಹೆಸರಾದದ್ದು. ದೊಡ್ಡ ದೊಡ್ಡ ಖಾರಿಗಳು ಬಯಾತಿಯಲ್ಲಿ ಪಾರಾಯಣ ಶುರು ಮಾಡಿ ಬಯಾತಿಯಲ್ಲೇ ಮುಗಿಸುವ ವಾಡಿಕೆ ಇದೆ. ಬಾಂಗ್ ಮತ್ತು ಕುರ್‌ಆನ್ ಪಾರಾಯಣ ಇಬಾದತ್, ಅದನ್ನು ಸಂಗೀತ ಅಂತ ಯಾರೂ ಕರೆಯುವುದಿಲ್ಲ. ಕಿವಿಗೆ ಪರಿಚಯ ಎಲ್ಲಿಂದ ಬಂತು ಅಂತ ಹೇಳಲು ಮಾತ್ರ ಇದನ್ನು ಪ್ರಸ್ತಾಪಿಸಿದೆ.

ಎರಡೂ ಎಲ್ಲಿ ಕೂಡುತ್ತವೆ?

ಮೊದಲನೆಯದು, ಷಡ್ಜದ ಪಕ್ಕದ ಸ್ವರ. ಥ್ರ್ಯಾಶ್‌ನಲ್ಲಿ ದಪ್ಪ ತಂತಿಯನ್ನು ಖಾಲಿ ಬಿಟ್ಟು ಜಗ್ ಜಗ್ ಅಂತ ಬಡಿಯುತ್ತಾ, ಮಧ್ಯೆ ಮಧ್ಯೆ ಒಂದನೇ ಮನೆಯ ಸ್ವರ ಮುಟ್ಟುವುದು ತುಂಬಾ ಸಾಮಾನ್ಯ. ಅದು ನಮ್ಮ ಶುದ್ಧ ರಿಷಭ. ಹಿಜಾಝ್, ಹಿಜಾಝ್ ಕಾರ್, ಕುರ್ದ್ ಮೂರರಲ್ಲೂ ಇದೇ ರಿಷಭ ಇದೆ. ಅಲ್ಲಿಂದ ಮೂರನೇ ಮನೆಗೆ ಹೋದರೆ ಕುರ್ದ್ ಆಗುತ್ತೆ, ಅಂದ್ರೆ ಮೆಟಲ್‌ನಲ್ಲಿ ದಿನಾ ಕೇಳುವ ಸ್ವರ. ಮೂರು ಬಿಟ್ಟು ನಾಲ್ಕನೇ ಮನೆಗೆ ಹಾರಿದರೆ ಹಿಜಾಝ್ ಬರುತ್ತೆ. ಗಿಟಾರ್ ಇರುವವರು ದಪ್ಪ ತಂತಿಯಲ್ಲಿ 0, 1, 4, 5, 7, 8, 10 ಮನೆಗಳನ್ನು ಒಮ್ಮೆ ಒತ್ತಿ ನೋಡಿ, ಹಿಜಾಝ್ ಕೇಳುತ್ತೆ. ಕೊನೆಯ 10ರ ಬದಲು 11 ಒತ್ತಿದರೆ ಹಿಜಾಝ್ ಕಾರ್, ಅಂದ್ರೆ ಮಾಯಾಮಾಳವಗೌಳ. ಥ್ರ್ಯಾಶ್ ಮತ್ತು ಅರಬ್ ಧಾಟಿಯ ನಡುವೆ ಗಿಟಾರಿನ ಮೇಲೆ ಒಂದೇ ಮನೆಯ ಅಂತರ.

ಎರಡನೆಯದು, ಇಬ್ಬರದ್ದೂ ಒಂಟಿ ಸಾಲಿನ ಸಂಗೀತ. ಅರಬ್ ಸಂಗೀತದಲ್ಲಿ, ನಮ್ಮ ಸಂಗೀತದಲ್ಲಿ ಇರುವ ಹಾಗೆಯೇ, ಎಲ್ಲ ವಾದ್ಯಗಳೂ ಒಂದೇ ರಾಗದ ಸಾಲನ್ನು ಹಿಡಿದು ಹೋಗುತ್ತವೆ. ಥ್ರ್ಯಾಶ್ ರಿಫ್‌ನಲ್ಲೂ ಎರಡು ಗಿಟಾರ್ ಮತ್ತು ಬಾಸ್ ಒಟ್ಟಿಗೆ ಅದೇ ಸಾಲು ನುಡಿಸುತ್ತವೆ. ಪವರ್ ಕಾರ್ಡ್‌ನಲ್ಲಿ ಗಾಂಧಾರವೇ ಇಲ್ಲದ್ದರಿಂದ, ಮೇಲೆ ಯಾವ ಮಖಾಂ ಬಂದರೂ ಕೆಳಗಿನ ಗಿಟಾರ್ ಅದಕ್ಕೆ ಅಡ್ಡ ಬರುವುದಿಲ್ಲ.

ಮೂರನೆಯದು, ಮೀಟುವ ಕೈ. ಊದ್ ಅನ್ನುವ ಅರಬ್ ತಂತಿವಾದ್ಯವನ್ನು ರೀಷಾ ಅನ್ನುವ ಉದ್ದ ಮೀಟುಗಡ್ಡಿಯಿಂದ ನುಡಿಸುತ್ತಾರೆ. ಒಂದೇ ಸ್ವರವನ್ನು ಕೆಳಗೆ ಮೇಲೆ ವೇಗವಾಗಿ ಮೀಟಿ ನಡುಗಿಸುವುದು ಅದರ ಮುಖ್ಯ ವರಸೆ. ಥ್ರ್ಯಾಶ್ ಗಿಟಾರಿನ ಬಲಗೈ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ.

ನಾಲ್ಕನೆಯದು, ತಾಳ. ಮಲ್ಫೂಫ್ ಅನ್ನುವ ಅರಬ್ ತಾಳ 3+3+2 ಆಗಿ ಬೀಳುತ್ತೆ. ಇದೇ ಪೆಟ್ಟಿನ ಹಂಚಿಕೆ ಮೆಟಲ್ ರಿಫ್‌ಗಳಲ್ಲಿ ಹೇರಳವಾಗಿದೆ. ಸಮಾಯಿ ಥಖೀಲ್ ಅನ್ನುವ ತಾಳಕ್ಕೆ 10 ಅಕ್ಷರ, 3+2+2+3 ಆಗಿ ಒಡೆಯುತ್ತೆ. ನಮ್ಮ ಝಂಪೆ ತಾಳಕ್ಕೂ 10 ಅಕ್ಷರವೇ, ಆದರೆ ಒಡೆಯುವ ರೀತಿ ಬೇರೆ.

ಸಂಬಂಧ ಹಳೆಯದು

ಅರಬ್ ಸ್ವರವನ್ನು ರಾಕ್ ಸಂಗೀತದವರು ಹೊರಗಿನಿಂದ ತಂದು ಅಂಟಿಸಿದರು ಅಂತ ಅಂದುಕೊಳ್ಳುವ ಮೊದಲು ಅವರ ವಾದ್ಯಗಳನ್ನೇ ನೋಡಿ. ಯುರೋಪಿನ ಲ್ಯೂಟ್ ವಾದ್ಯ ಹುಟ್ಟಿದ್ದು ಊದ್‌ನಿಂದ, ಆ ಹೆಸರೂ 'ಅಲ್ ಊದ್'ನಿಂದಲೇ ಬಂದದ್ದು. ಒಂಬತ್ತನೇ ಶತಮಾನದಲ್ಲಿ ಬಗ್ದಾದ್ ಬಿಟ್ಟು ಸ್ಪೇನಿನ ಕುರ್ತುಬಾ (ಕೊರ್ಡೊಬಾ) ಸೇರಿದ ಝಿರ್ಯಾಬ್ ಅಲ್ಲಿ ಊದ್ ವಾದನದ ಪರಂಪರೆಯನ್ನೇ ಕಟ್ಟಿದರು. ನಕ್ಕಾರಾ ಅನ್ನುವ ಜೋಡಿ ನಗಾರಿ ಧರ್ಮಯುದ್ಧಗಳ ಕಾಲದಲ್ಲಿ ಯುರೋಪಿಗೆ ಹೋಯಿತು. ಅದೇ ಪದ ನಮ್ಮಲ್ಲಿ ನಗಾರಿ ಆಗಿ ದರ್ಗಾದ ಬಾಗಿಲಲ್ಲೂ ದೇವಸ್ಥಾನದ ಅಂಗಳದಲ್ಲೂ ಇದೆ.

ಇನ್ನು ಡ್ರಮ್ ಸೆಟ್‌ನ ಕಂಚಿನ ತಟ್ಟೆಗಳು. ಮೆಟಾಲಿಕಾದ ಲಾರ್ಸ್ ಉಲ್ರಿಕ್ ಬಾರಿಸುವ ಝಿಲ್ಜಿಯನ್ ತಟ್ಟೆಗಳ ಕಂಪನಿ 1623ರಲ್ಲಿ ಉಸ್ಮಾನಿಯಾ ಸಾಮ್ರಾಜ್ಯದ ಇಸ್ತಾಂಬುಲ್‌ನಲ್ಲಿ ಅರ್ಮೇನಿಯನ್ ಕ್ರೈಸ್ತ ಕುಟುಂಬವೊಂದು ಶುರು ಮಾಡಿದ್ದು. ಝಿಲ್ ಅಂದ್ರೆ ತುರ್ಕಿ ಭಾಷೆಯಲ್ಲಿ ತಾಳದ ತಟ್ಟೆ. 1929ರಲ್ಲಿ ಆ ಕೆಲಸ ಅಮೆರಿಕಕ್ಕೆ ಹೋಯಿತು. ಥ್ರ್ಯಾಶ್ ಕಛೇರಿಯಲ್ಲಿ ಕೇಳುವ ಆ ಛಣ್ ಶಬ್ದದ ಹಿಂದೆ ನಾಲ್ಕು ಶತಮಾನದ ಪೂರ್ವದ ಕಸುಬು ಇದೆ.

ರಾಕ್ ಗಿಟಾರಿಗೆ ಹಿಜಾಝ್ ಕಾರ್‌ನ ಧಾಟಿ ಬಂದದ್ದು 1962ರಲ್ಲಿ, ಡಿಕ್ ಡೇಲ್ ನುಡಿಸಿದ 'ಮಿಸಿರ್ಲೂ' ಮೂಲಕ. ಅವರ ನಿಜವಾದ ಹೆಸರು ರಿಚರ್ಡ್ ಮನ್ಸೂರ್, ತಂದೆಯ ಕಡೆಯವರು ಲೆಬನಾನ್ ಮೂಲದವರು. ಚಿಕ್ಕಂದಿನಲ್ಲಿ ಮನೆಯಲ್ಲಿ ಊದ್ ಕೇಳಿ ಬೆಳೆದಿದ್ದರು. ಮಿಸಿರ್ಲೂ ಪೂರ್ವ ಮೆಡಿಟರೇನಿಯನ್ ಸೀಮೆಯ ಹಳೆಯ ಹಾಡು. ಅದನ್ನು ಒಂದೇ ತಂತಿಯ ಮೇಲೆ, ಗುಡುಗಿನಂಥ ಆಂಪ್ಲಿಫೈಯರ್‌ನಲ್ಲಿ, ಉಸಿರು ಬಿಡದ ವೇಗದಲ್ಲಿ ಡೇಲ್ ನುಡಿಸಿದರು. ಮುಂದಿನ ಮೆಟಲ್ ಗಿಟಾರಿಗರು ಆ ಬಲಗೈಯಿಂದ ಕಲಿತಿದ್ದಾರೆ.

ಥ್ರ್ಯಾಶ್‌ನೊಳಗೆ ಬಂದರೆ, ಮೆಗಾಡೆತ್‌ನ 1990ರ 'ಹೋಲಿ ವಾರ್ಸ್' ಹಾಡನ್ನು ಕೇಳಿ. ಧರ್ಮದ ಹೆಸರಿನ ಯುದ್ಧದ ಮೇಲಿನ ಹಾಡು ಅದು. ಮಧ್ಯದಲ್ಲಿ ಎಲ್ಲ ನಿಂತು, ಮಾರ್ಟಿ ಫ್ರೀಡ್‌ಮನ್ ಅವರ ನೈಲಾನ್ ತಂತಿಯ ಗಿಟಾರ್ ಪೂರ್ವದ ಧಾಟಿಯಲ್ಲಿ ಕೆಲವೇ ಕ್ಷಣ ಬಂದು ಹೋಗುತ್ತೆ. 1991ರಲ್ಲಿ ಮೆಟಾಲಿಕಾ 'ವೇರೆವರ್ ಐ ಮೇ ರೋಮ್' ಹಾಡನ್ನು ಎಲೆಕ್ಟ್ರಿಕ್ ಸಿತಾರ್‌ನ ದನಿಯಿಂದಲೇ ಶುರು ಮಾಡಿತು.

ಸ್ವಂತ ಮನೆಯವರು ನುಡಿಸಿದಾಗ

ಬಗ್ದಾದ್‌ನ ಅಕ್ರಾಸಿಕಾಡಾ ಇರಾಕಿನ ಅತಿ ಹೆಸರಾದ ಥ್ರ್ಯಾಶ್ ತಂಡ. ಹೆಸರು ಮರುಭೂಮಿಯ ಕರಿಚೇಳಿನದು. ಸದ್ದಾಂ ಕಾಲದ ಕೊನೆಯಲ್ಲಿ ಶುರುವಾದ ತಂಡ ಇದು. 2003ರ ನಂತರ ಯುದ್ಧದ ಮಧ್ಯೆ ಜನರೇಟರ್ ಇಟ್ಟುಕೊಂಡು ಕಛೇರಿ ಮಾಡಿತು. ಅವರ ಅಭ್ಯಾಸದ ಜಾಗ ದಾಳಿಯಲ್ಲಿ ನಾಶವಾಯಿತು. ಅವರ ಕಥೆ 2007ರಲ್ಲಿ 'ಹೆವಿ ಮೆಟಲ್ ಇನ್ ಬಗ್ದಾದ್' ಅನ್ನುವ ಸಾಕ್ಷ್ಯಚಿತ್ರವಾಯಿತು. ಹುಡುಗರು ಸಿರಿಯಾಕ್ಕೆ, ಅಲ್ಲಿಂದ ತುರ್ಕಿಗೆ, ಕೊನೆಗೆ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದರು. 2010ರಲ್ಲಿ ಟೆಸ್ಟಮೆಂಟ್ ತಂಡದ ಅಲೆಕ್ಸ್ ಸ್ಕೋಲ್ನಿಕ್ ನೆರವಿನಿಂದ ಮೊದಲ ಇಪಿ, 2015ರಲ್ಲಿ 'ಗಿಲ್ಗಮೆಶ್' ಆಲ್ಬಮ್ ತಂದರು. ಯುದ್ಧದ ಬಗ್ಗೆ ಹಾಡುವ ಥ್ರ್ಯಾಶ್ ತಂಡಗಳು ನೂರಾರು. ಯುದ್ಧದ ಒಳಗೆ ಕೂತು ಹಾಡಿದವರು ಇವರು.

ಟ್ಯುನೀಶಿಯಾದ ಮೈರಾತ್ ತಂಡದ ಹೆಸರು ನಮಗೆ ಗೊತ್ತಿರುವ 'ಮೀರಾಸ್' ಪದವೇ, ಅಂದ್ರೆ ಪಿತ್ರಾರ್ಜಿತ. ಇವರದ್ದು ಶುದ್ಧ ಥ್ರ್ಯಾಶ್ ಅಲ್ಲ, ಸ್ವಲ್ಪ ಮೆದುವಾದ ಪ್ರೋಗ್ರೆಸಿವ್ ಮೆಟಲ್. ಉತ್ತರ ಆಫ್ರಿಕಾದ ತಾಳ, ಪಿಟೀಲಿನ ಸಾಲು, ಮಖಾಂನ ಹಾಡುಗಾರಿಕೆ ಚೆನ್ನಾಗಿ ಬೆರೆತಿದೆ. 2011ರ 'ಟೇಲ್ಸ್ ಆಫ್ ದಿ ಸ್ಯಾಂಡ್ಸ್' ಕೇಳಿ ನೋಡಬಹುದು.

ಜೆರುಸಲೇಂನಲ್ಲಿ 1993ರಲ್ಲಿ ಶುರುವಾದ ಮೆಲೆಖೆಶ್ ತಂಡ ತನ್ನ ಶೈಲಿಯನ್ನು ಮೆಸಪೊಟೇಮಿಯನ್ ಮೆಟಲ್ ಅಂತ ಕರೆದುಕೊಂಡಿತು. ಗಿಟಾರ್ ಕೆಲಸ ಅದ್ಭುತ, ಆದರೆ ಸಾಹಿತ್ಯ ಪುರಾತನ ಸುಮೇರಿಯಾದ ದೇವತೆ, ಮಾಟಮಂತ್ರದ ಸುತ್ತ ಇದೆ. ಕೇಳುವ ಮೊದಲೇ ತಿಳಿದಿರುವುದು ಒಳ್ಳೆಯದು. ಬೈರೂತ್‌ನಲ್ಲಿ ಐವರು ಹುಡುಗಿಯರ ಸ್ಲೇವ್ ಟು ಸೈರನ್ಸ್ ತಂಡ ಥ್ರ್ಯಾಶ್ ನುಡಿಸಿ 2019ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಮೇಳಕ್ಕೆ ಹೋಗಿತ್ತು.

ಇಂಡೋನೇಷ್ಯಾ ಅರಬ್ ದೇಶ ಅಲ್ಲ. ಆದರೂ ವಾಯ್ಸ್ ಆಫ್ ಬಾಚೆಪ್ರೋಟ್ ತಂಡದ ಹೆಸರು ಇಲ್ಲಿ ಹೇಳಲೇಬೇಕು. ಪಶ್ಚಿಮ ಜಾವಾದ ಗಾರುಟ್ ಅನ್ನುವ ಗ್ರಾಮೀಣ ಜಿಲ್ಲೆಯ ಮೂವರು ಹುಡುಗಿಯರು ಶಾಲೆಯಲ್ಲಿರುವಾಗಲೇ 2014ರಲ್ಲಿ ತಂಡ ಕಟ್ಟಿದರು. ಹಿಜಾಬ್ ಹಾಕಿಕೊಂಡೇ ಮೆಟಲ್ ನುಡಿಸುತ್ತಾರೆ. ಊರವರ ವಿರೋಧ, ಬೆದರಿಕೆ ಎರಡೂ ಬಂದವು. 2022ರಲ್ಲಿ ಜರ್ಮನಿಯ ವಾಕೆನ್ ಮೇಳದಲ್ಲಿ, 2024ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ನುಡಿಸಿದರು. ಗ್ಲಾಸ್ಟನ್‌ಬರಿಗೆ ಹೋದ ಮೊದಲ ಇಂಡೋನೇಷ್ಯಾ ತಂಡ ಅವರದ್ದೇ.

ಅನುಮಾನಕ್ಕೆ ತೆತ್ತ ಬೆಲೆ

1997ರ ಜನವರಿಯಲ್ಲಿ ಈಜಿಪ್ಟಿನಲ್ಲಿ ಸೈತಾನನ ಆರಾಧಕರು ಅಂತ ಆರೋಪಿಸಿ ಸುಮಾರು ನೂರು ಯುವಕ ಯುವತಿಯರನ್ನು ಪೊಲೀಸರು ಮನೆಗಳಿಂದ ಎಬ್ಬಿಸಿ ಕರೆದೊಯ್ದರು. ಸಾಕ್ಷ್ಯ ಅಂತ ಸಿಕ್ಕಿದ್ದು ಕ್ಯಾಸೆಟ್, ಪೋಸ್ಟರ್, ಕಪ್ಪು ಟೀಶರ್ಟ್. ಆರೋಪ ನಿಲ್ಲಲಿಲ್ಲ, ಬಿಡುಗಡೆ ಆಯಿತು. 2003ರಲ್ಲಿ ಮೊರೊಕ್ಕೊದ ಕಾಸಾಬ್ಲಾಂಕಾದಲ್ಲಿ 14 ಜನ ಮೆಟಲ್ ಯುವಕರಿಗೆ ಮುಸ್ಲಿಮರ ನಂಬಿಕೆ ಅಲುಗಾಡಿಸುತ್ತಾರೆ ಅನ್ನುವ ಆರೋಪದಲ್ಲಿ ಶಿಕ್ಷೆಯಾಯಿತು. ದೊಡ್ಡ ಪ್ರತಿಭಟನೆ ನಡೆದು, ಮೇಲ್ಮನವಿಯಲ್ಲಿ ಹೆಚ್ಚಿನವರು ಖುಲಾಸೆಯಾದರು.

ಕಾಲ ಬದಲಾಗಿದೆ. 2011ರ ಅಕ್ಟೋಬರ್ 25ರಂದು ಮೆಟಾಲಿಕಾ ಅಬುಧಾಬಿಯಲ್ಲಿ ನುಡಿಸಿ, 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. 2023ರ ಡಿಸೆಂಬರ್‌ನಲ್ಲಿ ಸೌದಿಯ ರಿಯಾಧ್‌ನಲ್ಲೂ ನುಡಿಸಿತು. ಗಲ್ಫ್‌ನಲ್ಲಿ ದುಡಿಯುವ ನಮ್ಮವರ ಕಣ್ಣೆದುರೇ ನಡೆದ ಬದಲಾವಣೆ ಇದು. ಬೆಂಗಳೂರಿಗೆ 2007ರಲ್ಲಿ ಐರನ್ ಮೇಡನ್, 2008ರಲ್ಲಿ ಮೆಗಾಡೆತ್, 2012ರಲ್ಲಿ ಸ್ಲೇಯರ್ ಬಂದು ಹೋಗಿವೆ. ಬೆಂಗಳೂರಿನದ್ದೇ ಆದ ಕ್ರಿಪ್ಟೋಸ್ ತಂಡ 1998ರಲ್ಲಿ ಶುರುವಾಗಿ 2013ರಲ್ಲಿ ವಾಕೆನ್‌ನಲ್ಲಿ ನುಡಿಸಿತು. ಮಡಕಶಿರಾದ ಹುಡುಗನಿಗೆ ಇದು ದೂರದ ಅಮೆರಿಕದ ಸುದ್ದಿ ಅಲ್ಲ, ಬೆಳಗ್ಗೆ ಬಸ್ ಹತ್ತಿದರೆ ಮುಟ್ಟಬಹುದಾದ ಊರಿನ ಸುದ್ದಿ.

ಇಷ್ಟಾದರೂ ಅನುಮಾನದ ಅಭ್ಯಾಸ ಬಿಟ್ಟು ಹೋಗಿಲ್ಲ. ಮುಸ್ಲಿಂ ಹುಡುಗ ಕಪ್ಪು ಟೀಶರ್ಟ್ ಹಾಕಿ ಉದ್ದ ಕೂದಲು ಬಿಟ್ಟರೆ ಮನೆಯವರಿಗೂ ಅನುಮಾನ, ಹೊರಗಿನವರಿಗೂ ಅನುಮಾನ. ಅವನು ಏನು ಕೇಳುತ್ತಿದ್ದಾನೆ, ಹಾಡಿನಲ್ಲಿ ಏನಿದೆ ಅಂತ ಕೂತು ಕೇಳುವವರು ಕಡಿಮೆ. ಈಜಿಪ್ಟ್, ಮೊರೊಕ್ಕೊದಲ್ಲಿ ಆಗಿದ್ದು ಅದೇ.

ರಾಯದುರ್ಗ, ಮಡಕಶಿರಾ ಕಡೆ ಏನಿದೆ?

ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು ಜೊತೆಗೆ ಅದೂ ಆಂಧ್ರಕ್ಕೆ ಹೋಯಿತು. ಮಡಕಶಿರಾದ ಸುತ್ತ ನಮ್ಮ ಶಿರಾ, ಪಾವಗಡ, ಮಧುಗಿರಿ ಇವೆ. ಅನಂತಪುರ ಜಿಲ್ಲೆಯಲ್ಲಿದ್ದ ಅದು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗಡಿ ಗೆರೆ ಬದಲಾದರೂ ಕಿವಿ ಬದಲಾಗಲಿಲ್ಲ.

ಆ ಸೀಮೆಯಲ್ಲಿ ಸಂಗೀತ ಕಲಿಯಲು ಕೂತ ಯಾವ ಮಗುವೂ ಮೊದಲು ಕಲಿಯುವ ರಾಗ ಮಾಯಾಮಾಳವಗೌಳ. ಸರಳೆ ವರಸೆಗೆ ಆ ರಾಗವನ್ನು ಗೊತ್ತು ಮಾಡಿದವರು ಪುರಂದರದಾಸರು ಅನ್ನುವುದು ಪರಂಪರೆಯ ನಂಬಿಕೆ. ಮೇಲೆ ಹೇಳಿದ ಹಾಗೆ ಸ್ವರದ ಲೆಕ್ಕದಲ್ಲಿ ಅದೇ ಹಿಜಾಝ್ ಕಾರ್. ಅಂದ್ರೆ ಅಮೆರಿಕದ ಗಿಟಾರಿಗ 'ನಿಗೂಢ ಅರೇಬಿಯನ್ ಸ್ಕೇಲ್' ಅಂತ ಕಲಿಯುವುದನ್ನು ಇಲ್ಲಿನ ಮಗು ಮೊದಲ ದಿನವೇ ಹೇಳುತ್ತೆ.

ರಾಯಲಸೀಮೆಯ ದೂದೇಕುಲ ಸಮುದಾಯವನ್ನು ಕರ್ನಾಟಕದ ಕಡೆ ಪಿಂಜಾರ, ನದಾಫ್ ಅಂತ ಕರೆಯುತ್ತೇವೆ. ಹತ್ತಿ ಹಿಂಜುವುದು ಅವರ ಮೂಲ ಕಸುಬು. ಆ ಸಮುದಾಯದಲ್ಲಿ ನಾದಸ್ವರ ನುಡಿಸುವ ಪರಂಪರೆಯೂ ಇದೆ, ಮದುವೆಗೂ ದೇವಸ್ಥಾನಕ್ಕೂ. ಆಂಧ್ರದ ಪ್ರಕಾಶಂ ಜಿಲ್ಲೆಯ ಮುಸ್ಲಿಂ ವಿದ್ವಾಂಸ ಶೇಖ್ ಚಿನ್ನ ಮೌಲಾನಾ ನಾದಸ್ವರದಲ್ಲಿ ಸಂಗೀತ ಕಲಾನಿಧಿ ಗೌರವದವರೆಗೆ ಹೋದವರು. ಇದನ್ನು ಯಾಕೆ ಹೇಳಿದೆ ಅಂದ್ರೆ, ಗಿಟಾರಿಗೆ ಆಗದ ಒಂದು ಕೆಲಸ ನಾದಸ್ವರಕ್ಕೆ ಆಗುತ್ತೆ. ರಂಧ್ರವನ್ನು ಅರ್ಧ ಮುಚ್ಚಿ, ಉಸಿರು ಬಿಗಿ ಮಾಡಿ, ಎರಡು ಸ್ವರಗಳ ನಡುವಿನ ಜಾಗವನ್ನು ಅದು ಸಲೀಸಾಗಿ ಮುಟ್ಟುತ್ತೆ. ಬಯಾತಿ, ರಾಸ್ತ್‌ಗೆ ಬೇಕಾದ್ದು ಅದೇ.

ತಾಳಕ್ಕೆ ಬಂದರೆ ಮೊಹರಂ ಇದೆ. ಅನಂತಪುರ ಜಿಲ್ಲೆಯ ಗುಗೂಡಿನ ಕುಳ್ಳಾಯಪ್ಪ ಸ್ವಾಮಿ ಪೀರ್ಲ ಹಬ್ಬಕ್ಕೆ ಹಿಂದೂ ಮುಸ್ಲಿಂ ಎರಡೂ ಕಡೆಯ ಜನ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. ಅದರ ಬಗ್ಗೆ ವಿದ್ವಾಂಸ ಅಫ್ಸರ್ ಮೊಹಮ್ಮದ್ 2013ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದಾರೆ. ಅಲಾವೆಯ ಸುತ್ತ ತಪ್ಪಟೆ ನಿಧಾನಕ್ಕೆ ಶುರುವಾಗಿ, ಏರುತ್ತಾ ಏರುತ್ತಾ ಕಾಲು ನಿಲ್ಲಲು ಬಿಡದ ವೇಗಕ್ಕೆ ಬರುತ್ತೆ. ಕರಾವಳಿಯ ನಮಗೆ ಈ ಆಚರಣೆ ಇಲ್ಲ, ಅದರ ಧಾರ್ಮಿಕ ಚರ್ಚೆ ಇಲ್ಲಿ ಬೇಡ. ನಮ್ಮಲ್ಲಿ ದಫ್ ಇದೆ, ಕೋಲ್ಕಲಿ ಇದೆ. ದಫ್ ತಂಡ ನಿಧಾನದಿಂದ ವೇಗಕ್ಕೆ ಏರುವಾಗ ಮೈ ಜುಂ ಅನ್ನುವುದೂ, ಥ್ರ್ಯಾಶ್ ಹಾಡು ಏರುವಾಗ ಹುಡುಗರಿಗೆ ಆಗುವುದೂ ಒಂದೇ ಜಾತಿಯ ಅನುಭವ.

ಎಲ್ಲಿ ಕೂಡುವುದಿಲ್ಲ?

ಎಲ್ಲ ಬೆರಕೆಯೂ ಚೆನ್ನಾಗಿರುವುದಿಲ್ಲ. ಹಿಜಾಝ್‌ನ ನಾಲ್ಕು ಸ್ವರ, ಮೇಲೆ ಒಂದು ಡರ್ಬುಕ್ಕಾ, ವಿಡಿಯೊದಲ್ಲಿ ಒಂಟೆ ಮತ್ತು ಮರಳು. ಇಷ್ಟಕ್ಕೇ 'ಅರಬ್ ಮೆಟಲ್' ಅಂತ ಹೆಸರಿಟ್ಟರೆ, ಅದು ಹಳೇ ಸರಕಿಗೆ ಹೊಸ ಬೋರ್ಡ್ ಹಾಕಿದ ವ್ಯಾಪಾರ. ಮಖಾಂಗೆ ನಡೆ ಬೇಕು, ಒಂದು ಜಿನ್ಸ್‌ನಿಂದ ಇನ್ನೊಂದಕ್ಕೆ ಹೋಗುವ ಸಮಯ ಬೇಕು. ನಿಮಿಷಕ್ಕೆ 200 ಬಡಿತದಲ್ಲಿ ಗಮಕ ಉಳಿಯುವುದಿಲ್ಲ. ಚೆನ್ನಾಗಿ ಮಾಡಿದವರು ಹಾಡಿನ ಮಧ್ಯೆ ವೇಗ ಇಳಿಸಿ, ಊದ್‌ಗೋ ಕಂಠಕ್ಕೋ ಜಾಗ ಬಿಟ್ಟು, ಆಮೇಲೆ ಮತ್ತೆ ಏರುತ್ತಾರೆ.

ಕಾಲು ಸ್ವರದ ತೊಂದರೆಯೂ ಇದೆ. ಗಿಟಾರಿನ ಮನೆಗಳು ಅರ್ಧ ಸ್ವರಕ್ಕೊಂದರಂತೆ ಕೂತಿವೆ. ಬಯಾತಿಯ ಎರಡನೇ ಸ್ವರ 1 ಮತ್ತು 2ನೇ ಮನೆಯ ನಡುವೆ, ರಾಸ್ತ್‌ನ ಮೂರನೆಯದು 3 ಮತ್ತು 4ರ ನಡುವೆ ಬೀಳುತ್ತೆ. ತಂತಿಯನ್ನು ಎಳೆದು ಮುಟ್ಟಬಹುದು, ಮನೆಗಳೇ ಇಲ್ಲದ ಗಿಟಾರ್ ಬಳಸಬಹುದು, ಇಲ್ಲವಾದರೆ ಆ ಸಾಲನ್ನು ಹಾಡುಗಾರನಿಗೆ, ಪಿಟೀಲಿಗೆ, ಓಲಗಕ್ಕೆ ಬಿಡಬಹುದು. ಹೆಚ್ಚಿನ ತಂಡಗಳು ಈ ಕಷ್ಟಕ್ಕೆ ಹೋಗದೆ ಹಿಜಾಝ್, ಕುರ್ದ್‌ನಲ್ಲೇ ಉಳಿದುಬಿಡುತ್ತವೆ.

ದೀನ್‌ನ ಪ್ರಶ್ನೆ

ಇದು ಫತ್ವಾ ಕೊಡುವ ಲೇಖನ ಅಲ್ಲ. ಮದುವೆ, ಈದ್‌ಗೆ ದಫ್ ಬಾರಿಸುವುದಕ್ಕೆ ಹದೀಸ್‌ಗಳ ಆಧಾರ ಇದೆ. ತಂತಿ ಮತ್ತು ಊದುವ ವಾದ್ಯಗಳ ಬಗ್ಗೆ ನಾಲ್ಕೂ ಮದ್‌ಹಬ್‌ಗಳ ಬಹುಪಾಲು ಹಿಂದಿನ ಉಲಮಾಗಳದ್ದು ನಿಷೇಧದ ನಿಲುವು. ಅಂದಲೂಸಿಯಾದ ಇಬ್ನು ಹಝ್ಮ್ ಅದನ್ನು ಒಪ್ಪಲಿಲ್ಲ. ಇಮಾಂ ಗಝಾಲಿ ಇಹ್ಯಾದಲ್ಲಿ ಸಮಾಅ್ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು, ಏನು ಹಾಡುತ್ತಾರೆ, ಯಾರ ಸಹವಾಸದಲ್ಲಿ, ಮನಸ್ಸಿಗೆ ಏನಾಗುತ್ತೆ ಅನ್ನುವುದನ್ನೆಲ್ಲ ತೂಗಿ ನೋಡಿದರು, ಕುಡುಕರ ಕೂಟದ ಗುರುತಾಗಿದ್ದ ವಾದ್ಯಗಳನ್ನು ಅವರೂ ಹೊರಗಿಟ್ಟರು. ನಿಮ್ಮ ಮಟ್ಟಿಗೆ ಏನು ಸರಿ ಅಂತ ನೀವು ನಂಬುವ ಉಸ್ತಾದರ ಹತ್ತಿರ ಕೂತು ಕೇಳಿ.

ಒಂದು ಗೆರೆ ಮಾತ್ರ ಎಲ್ಲರಿಗೂ ಅನ್ವಯ. ಬಾಂಗ್ ಅಥವಾ ಪಾರಾಯಣದ ರೆಕಾರ್ಡಿಂಗ್ ತೆಗೆದು ಗಿಟಾರ್ ಜೊತೆ ಬೆರೆಸಬೇಡಿ. ಲೆಬನಾನಿನ ಹಾಡುಗಾರ ಮಾರ್ಸೆಲ್ ಖಲೀಫೆ ಯೂಸುಫ್ ಸೂರಾದ ಒಂದು ಆಯತ್ ಸೇರಿದ್ದ ಮಹಮೂದ್ ದರ್ವೀಶ್ ಕವಿತೆಯನ್ನು ಹಾಡಿದ್ದಕ್ಕೆ 1999ರಲ್ಲಿ ವಿಚಾರಣೆ ಎದುರಿಸಿದರು. ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಗೌರವದಿಂದ ಹಾಡಿದ ಕವಿತೆಗೇ ಅಷ್ಟು ನೋವು, ಗಲಾಟೆ ಆಗಿದ್ದರೆ, ಪರಿಣಾಮಕ್ಕೋಸ್ಕರ ಕತ್ತರಿಸಿ ಅಂಟಿಸಿದ್ದಕ್ಕೆ ಏನಾಗಬಹುದು ಯೋಚಿಸಿ.

ಕೇಳುವವರಿಗೆ, ನುಡಿಸುವವರಿಗೆ

ಕೇಳುವವರು ಹೀಗೆ ಶುರು ಮಾಡಿ: ಮೊದಲು ಇರಾಕಿನ ಮುನೀರ್ ಬಶೀರ್ (1930–1997) ಅವರ ಒಂಟಿ ಊದ್. ಕಿವಿಗೆ ಮಖಾಂನ ನಡೆ ಹತ್ತಿದ ಮೇಲೆ ಡಿಕ್ ಡೇಲ್‌ನ 'ಮಿಸಿರ್ಲೂ', ಆಮೇಲೆ 'ಹೋಲಿ ವಾರ್ಸ್', ಆಮೇಲೆ ಅಕ್ರಾಸಿಕಾಡಾ, ಮೈರಾತ್. ಯಾವ ಹಾಡಿಗೂ ಮೊದಲು ಸಾಹಿತ್ಯ ಓದಿ. ಕೇಳಬಾರದ್ದು ಇದ್ದರೆ ಅಲ್ಲೇ ಗೊತ್ತಾಗುತ್ತೆ.

ನುಡಿಸುವ ಮನಸ್ಸಿದ್ದವರಿಗೆ ಹೇಳುವುದು ಇಷ್ಟೇ. 'ಅರೇಬಿಯನ್ ಸೌಂಡ್ ಪ್ಯಾಕ್' ಅಂತ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಮೊದಲು, ಊರಿನಲ್ಲಿ ಓಲಗ ನುಡಿಸುವ ಅಜ್ಜ ಯಾರಿದ್ದಾರೆ ಅಂತ ನೋಡಿ. ಸಲಾಂ ಹೇಳಿ, ಕೂತು, ಮಾಯಾಮಾಳವಗೌಳದ ಒಂದು ಆಲಾಪನೆ ಕೇಳಿ. ದಫ್ ತಂಡದ ಹಿರಿಯರ ಹತ್ತಿರ ಹತ್ತು ಪೆಟ್ಟು ಕಲಿಯಿರಿ. ದೆಹಲಿಯ ಬ್ಲಡಿವುಡ್ ತಂಡ ಪಕ್ಕದ ಮನೆಯ ಢೋಲ್ ಹಿಡಿದುಕೊಂಡೇ 2019ರಲ್ಲಿ ವಾಕೆನ್‌ಗೆ ಹೋಯಿತು. ಬಗ್ದಾದ್‌ನ ಹುಡುಗರ ಹತ್ತಿರ ಇದ್ದದ್ದು ಕರೆಂಟಿಲ್ಲದ ಊರು, ಒಂದು ಜನರೇಟರ್, ತಮ್ಮದೇ ಕಿವಿ. ರಾಯದುರ್ಗ, ಮಡಕಶಿರಾದ ಹುಡುಗರ ಹತ್ತಿರ ಅದಕ್ಕಿಂತ ಹೆಚ್ಚು ಇದೆ. ಮನೆಯ ಹಿರಿಯರೂ ಒಂದು ಸಲ ಆ ಇಯರ್‌ಫೋನ್‌ನ ಒಂದು ತುದಿ ಇಸ್ಕೊಂಡು ಕೇಳಲಿ. ಇಷ್ಟ ಆಗದೇ ಇರಬಹುದು, ಆದರೆ ಮಗ ಏನು ಕೇಳುತ್ತಿದ್ದಾನೆ ಅಂತ ಪೊಲೀಸರಿಗಿಂತ ಮೊದಲು ಮನೆಯವರಿಗೆ ಗೊತ್ತಿರುತ್ತೆ.